ಹುಯೆಯಲ್ಲಿ ರಾಜರ ಸಮಾಧಿ ನೋಡಲು ಅರ್ಧ ದಿನದ ಟೂರ್ ತಗೋಬಹುದಾ?

ನೀವು ಕೇಳಿರುವುದು ಇದು: ವಿಯೆಟ್ನಾಂನಲ್ಲಿ ಡನಾಂಗ್‌ನಿಂದ ಹುಯೆಗೆ ಹೋಗಿ ಒಂದು ರಾತ್ರಿ ಉಳಿಯುತ್ತೀರಿ, ಬೆಳಗ್ಗೆ ಅರ್ಧ ದಿನದ ಟೂರಿನಲ್ಲಿ ಗೈಡ್ ಮೂರು ರಾಜರ ಸಮಾಧಿ ತೋರಿಸುತ್ತಾರಂತೆ, ಜೊತೆಗೆ ಮಂಡಿ ನೋವಿರುವ ತಂದೆ ಇದ್ದಾರೆ. ಟೂರ್ ತಗೊಳ್ಳುವುದಾ, ಇಲ್ಲ ನೀವೇ ಸುತ್ತುವುದಾ?

ಗೈಡ್ ತಗೊಳ್ಳಿ. ಆದರೆ ಮೂರು ಸಮಾಧಿ ಬೇಡ, ಎರಡು ಸಾಕು. ಹತ್ತಾರು ಜನರನ್ನು ತುಂಬಿಕೊಂಡು ಹೋಗುವ ವ್ಯಾನ್ ಅಂತೂ ಬೇಡವೇ ಬೇಡ. ಈ ಮೂರನ್ನೂ ನಾನು ತಪ್ಪು ಮಾಡಿಯೇ ಕಲಿತದ್ದು.

ನಾವು ಹೋಗಿದ್ದು ಫೆಬ್ರವರಿಯಲ್ಲಿ. ನಾನು, ನಮ್ಮ ಯಜಮಾನರು, ನನ್ನ ಅಮ್ಮ. ಅಮ್ಮನಿಗೆ ಪ್ಲಾನ್ ಹೇಳಿದಾಗಲೇ ಮುಖ ಸಿಂಡರಿಸಿದರು. "ಅಷ್ಟು ದುಡ್ಡು ಸುರಿದು ಯಾರದೋ ಗೋರಿ ನೋಡೋಕೆ ಹೋಗ್ತಾರೇನೇ? ಬಂದ ಮೇಲೆ ತಲೆಗೆ ಸ್ನಾನ ಮಾಡ್ಬೇಕು, ಬಿಸಿನೀರು ಇರುತ್ತಾ ಕೇಳು." ನಿಮ್ಮ ತಂದೆಯೂ ಹೀಗೇ ಅಂದರೆ ಅವರಿಗೆ ಒಂದು ಮಾತು ಮೊದಲೇ ಹೇಳಿಬಿಡಿ. ಅಲ್ಲಿ ಸಮಾಧಿ ಅಂದರೆ ನಾವು ಅಂದುಕೊಳ್ಳುವ ಹಾಗೆ ಒಂದು ಕಲ್ಲಿನ ಕಟ್ಟೆ, ಅದರ ಮೇಲೊಂದು ಗುಮ್ಮಟ ಅಲ್ಲ. ಕೆರೆ, ತೋಟ, ಮಂಟಪ, ಗುಡಿ, ನಾಟಕಶಾಲೆ ಎಲ್ಲ ಇರುವ ಒಂದು ದೊಡ್ಡ ಕಾಂಪೌಂಡು. ರಾಜ ಬದುಕಿರುವಾಗಲೇ ಕಟ್ಟಿಸಿಕೊಂಡು, ಬೇಸರವಾದಾಗ ಅಲ್ಲಿಗೇ ಬಂದು ಇದ್ದುಬಿಡುತ್ತಿದ್ದ. ತು ದುಕ್ ಅನ್ನುವ ರಾಜ ಹೀಗೇ ಮಾಡಿದ್ದು.

ಸ್ವಲ್ಪ ಹಿನ್ನೆಲೆ. ಹುಯೆ 1802ರಿಂದ 1945ರವರೆಗೆ ನ್ಗುಯೆನ್ ವಂಶದ ರಾಜಧಾನಿ. ಒಟ್ಟು ಹದಿಮೂರು ರಾಜರು, ಆದರೆ ಊರಿನ ಹೊರಗೆ ಇರುವ ರಾಜಸಮಾಧಿಗಳು ಏಳೇ. ಕೊನೆಯ ರಾಜ ಬಾವ್ ದಾಯ್ 1945ರಲ್ಲಿ ಪಟ್ಟ ಬಿಟ್ಟುಕೊಟ್ಟ, 1997ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ, ಅವನನ್ನು ಮಣ್ಣು ಮಾಡಿದ್ದೂ ಅಲ್ಲೇ. ಟೂರಿನವರು ತೋರಿಸುವುದು ಸಾಮಾನ್ಯವಾಗಿ ಮೂರು: ಮಿನ್ ಮಾಂಗ್, ತು ದುಕ್, ಖಾಯ್ ದಿನ್. ಊರಿನಿಂದ ಆರೇಳು ಕಿಲೋಮೀಟರಿಗೆ ತು ದುಕ್, ಹತ್ತಕ್ಕೆ ಖಾಯ್ ದಿನ್, ಹನ್ನೆರಡಕ್ಕೆ ಮಿನ್ ಮಾಂಗ್. ನಕ್ಷೆಯಲ್ಲಿ ನೋಡಿದರೆ ಏನು ಮಹಾ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು.

ಮೊದಲ ದಿನ ಆದದ್ದು ಕೇಳಿ. ವ್ಯಾನ್ ಏಳೂವರೆಗೆ ಬರಬೇಕಿತ್ತು. ನಮ್ಮನ್ನು ಹತ್ತಿಸಿಕೊಂಡು, ಆಮೇಲೆ ಇನ್ನೂ ಐದು ಹೋಟೆಲಿನ ಮುಂದೆ ನಿಂತು ನಿಂತು, ಊರು ಬಿಡುವಾಗ ಒಂಬತ್ತು. ಗೈಡ್ ಕೈಯಲ್ಲಿ ಒಂದು ಪುಟ್ಟ ಬಾವುಟ, ಬಾಯಲ್ಲಿ ಮೈಕು. ಮೊದಲು ನಿಂತದ್ದು ಸಮಾಧಿಯಲ್ಲಿ ಅಲ್ಲ, ಊದುಬತ್ತಿ ಅಂಗಡಿಯಲ್ಲಿ! ತು ದುಕ್ ಸಮಾಧಿ ಹತ್ತಿರ ಥೂಯ್ ಸುವಾನ್ ಅಂತ ಒಂದು ಊರು, ಊದುಬತ್ತಿಗೆ ಹೆಸರಾದದ್ದು. ಬಿದಿರು ಕಡ್ಡಿಗೆ ಕೆಂಪು, ಹಳದಿ, ನೇರಳೆ ಬಣ್ಣ ಹಾಕಿ, ಕಟ್ಟು ಕಟ್ಟಿ, ಸೇವಂತಿಗೆ ಹೂ ಅರಳಿಸಿದ ಹಾಗೆ ಹರಡಿ ಇಟ್ಟಿರುತ್ತಾರೆ. ಫೋಟೋಗೆ ಚೆನ್ನ. ಎಲ್ಲರೂ ಟೋಪಿ ಇಟ್ಟುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಮ್ಮ ಅಮ್ಮ ಮಾತ್ರ ಒಳಗೆ ಹೋಗಿ ಹಲಗೆ ಮುಂದೆ ಕೂತುಬಿಟ್ಟರು. ಅಮ್ಮ ಹುಟ್ಟಿ ಬೆಳೆದದ್ದು ಮೈಸೂರು, ಅವರ ಬೀದಿಯಲ್ಲಿ ಮನೆಮನೆಯಲ್ಲೂ ಊದುಬತ್ತಿ ಹೊಸೆಯುತ್ತಿದ್ದರಂತೆ. ಅಂಗಡಿಯ ಹೆಂಗಸು ಹಿಟ್ಟು ಕೊಟ್ಟರು, ಅಮ್ಮ ಒಂದೇ ಎಳೆತಕ್ಕೆ ಹೊಸೆದು ತೋರಿಸಿದರು. ಅವರಿಬ್ಬರಿಗೂ ಒಂದು ಪದ ಭಾಷೆ ಬರುವುದಿಲ್ಲ, ಆದರೂ ಹತ್ತು ನಿಮಿಷ ಮಾತಾಡಿದರು. ನಮ್ಮಲ್ಲಿಗೆ ಊದುಬತ್ತಿಯ ಕಡ್ಡಿ ಎಷ್ಟೋ ವರ್ಷ ಚೀನಾ, ವಿಯೆಟ್ನಾಂನಿಂದಲೇ ಬರುತ್ತಿತ್ತು, 2020ರಲ್ಲಿ ಕೇಂದ್ರ ಸರ್ಕಾರ ಅದರ ಆಮದು ಸುಂಕವನ್ನು 25 ಪರ್ಸೆಂಟಿಗೆ ಏರಿಸಿತು. ಹಾಗಾಗಿ ಅಮ್ಮ ಚಿಕ್ಕಂದಿನ ಕಥೆ ಹೇಳುತ್ತಿದ್ದರೆ ನಾನು ಮನಸ್ಸಲ್ಲೇ ಆಮದು ಸುಂಕದ ಲೆಕ್ಕ ಹಾಕುತ್ತಿದ್ದೆ. ಬ್ಯಾಂಕಿನ ಕೆಲಸದ ಚಟ, ಬಿಡಿ.

ಅದೆಲ್ಲ ಸರಿ, ಆದರೆ ಅಲ್ಲಿ ಮುಕ್ಕಾಲು ಗಂಟೆ ಹೋಯಿತು. ಆಮೇಲೆ ಮಿನ್ ಮಾಂಗ್‌ನಲ್ಲಿ ನಲವತ್ತು ನಿಮಿಷ, ಸುಡುಬಿಸಿಲಿಗೆ ಖಾಯ್ ದಿನ್ ಮೆಟ್ಟಿಲು, ಕೊನೆಗೆ ತು ದುಕ್‌ನಲ್ಲಿ ಇಪ್ಪತ್ತೈದು ನಿಮಿಷ. ಇಪ್ಪತ್ತೈದು! ಕೆರೆ ನೋಡಿದೆವು, ಫೋಟೋ ತೆಗೆದೆವು, ವ್ಯಾನ್ ಹತ್ತಿದೆವು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಮಾರನೇ ದಿನ ಡನಾಂಗ್ ರೈಲು ಮಧ್ಯಾಹ್ನಕ್ಕೆ ಇತ್ತಲ್ಲ, ಬೆಳಗ್ಗೆ ಏಳಕ್ಕೆ ಹೋಟೆಲಿನವರಿಗೆ ಹೇಳಿ ಒಂದು ಕಾರು, ಒಬ್ಬ ಗೈಡ್ ಮಾಡಿಸಿಕೊಂಡು, ಮತ್ತೆ ಟಿಕೆಟ್ ತಗೊಂಡು ತು ದುಕ್‌ಗೇ ಹೋದೆ. ಯಜಮಾನರು ಮಲಗಿದ್ದರು. ಅಮ್ಮ ಬಂದರು. "ನಿನ್ನೆ ಸ್ನಾನ ಮಾಡಿದ್ದು ವೇಸ್ಟಾಯ್ತು" ಅಂತ ಗೊಣಗುತ್ತಲೇ ಬಂದರು.

ಗೈಡ್ ಅಂದರೆ ಏನು ಅಂತ ಆವತ್ತು ಗೊತ್ತಾಯಿತು. ದಾರಿ ತೋರಿಸಲು ಗೈಡ್ ಬೇಕಿಲ್ಲ, ದಾರಿ ಗೂಗಲ್ ಹೇಳುತ್ತದೆ. ಅಲ್ಲಿರುವ ಒಂದೊಂದು ಕಲ್ಲಿನ ಹಿಂದೆಯೂ ಒಂದು ಕಥೆ ಇದೆ, ಬೋರ್ಡಿನಲ್ಲಿ ಬರೆದಿರುವುದು ಎರಡು ಸಾಲು.

ಆ ಎರಡನೇ ದಿನದ ಹುಡುಗ, ಇಪ್ಪತ್ತೆಂಟು ಮೂವತ್ತು ಇರಬಹುದು, ಬಾಗಿಲ ಹತ್ತಿರವೇ ನಿಲ್ಲಿಸಿ ಶುರು ಮಾಡಿದ. ಈ ಜಾಗ ಕಟ್ಟಿದ್ದು 1864ರಿಂದ 1867ರೊಳಗೆ. ಮೊದಲು ಆರು ವರ್ಷ ಅಂತ ಲೆಕ್ಕ ಹಾಕಿದ್ದರು. ಮೂರು ವರ್ಷಕ್ಕೆ ಮುಗಿಸಬೇಕು ಅಂತ ಆಳುಗಳನ್ನು ಹಿಂಡಿದರು. ಆಗಿನ್ನೂ ಫ್ರೆಂಚರು ದಕ್ಷಿಣದ ಮೂರು ಪ್ರಾಂತ್ಯ ಕಿತ್ತುಕೊಂಡು ಎರಡು ವರ್ಷ ಆಗಿತ್ತು, ದೇಶ ಕೈಬಿಟ್ಟು ಹೋಗುತ್ತಿತ್ತು, ರಾಜ ತನ್ನ ಸಮಾಧಿ ಕಟ್ಟಿಸುತ್ತಿದ್ದ. 1866ರಲ್ಲಿ ಕೆಲಸದ ಆಳುಗಳು ದಂಗೆ ಎದ್ದರು. ದೋವಾನ್ ತ್ರುಂಗ್ ಅನ್ನುವವನು ಮುಂದಾಳು. ಆಯುಧ ಏನು ಗೊತ್ತಾ? ಗಾರೆಗೆ ಸುಣ್ಣ ಕುಟ್ಟುವ ಒನಕೆ. ವಿಯೆಟ್ನಾಂನವರು ಇವತ್ತಿಗೂ ಆ ದಂಗೆಯನ್ನು ಸುಣ್ಣದ ಒನಕೆಯ ದಂಗೆ ಅಂತಲೇ ಕರೆಯುತ್ತಾರೆ. ನಾನು ಇದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದ ತಕ್ಷಣ ಅಮ್ಮ "ಓಬವ್ವ!" ಅಂದರು. ಆ ಹುಡುಗನಿಗೆ ನಮ್ಮ ಚಿತ್ರದುರ್ಗದ ಕಥೆ ಹೇಳಬೇಕಾಯಿತು. ಕಿಂಡಿಯಲ್ಲಿ ನುಸುಳಿ ಬಂದವರನ್ನು ಒಬ್ಬೊಬ್ಬರನ್ನಾಗಿ ಒನಕೆಯಲ್ಲಿ ಹೊಡೆದಳು ಅಂದಾಗ ಅವನು ಬಾಯಿ ಬಿಟ್ಟುಕೊಂಡು ಕೇಳಿದ. ನಮ್ಮ ಒನಕೆ ಕೋಟೆ ಉಳಿಸಲು, ಅವರ ಒನಕೆ ರಾಜನ ಮೇಲೆ. ದಂಗೆ ಸೋತಿತು. ರಾಜನಿಗೆ ಮಾತ್ರ ಮುಜುಗರ ಆಗಿರಬೇಕು. ಮೊದಲು ಆ ಜಾಗಕ್ಕೆ ಹತ್ತು ಸಾವಿರ ವರ್ಷ ಬಾಳುವುದು ಅನ್ನುವ ಅರ್ಥದ ಹೆಸರಿತ್ತು, ದಂಗೆ ಆದ ಮೇಲೆ ಅದನ್ನು ಬಿಟ್ಟು "ಖಿಯೆಮ್" ಅಂತ ಇಟ್ಟ. ಅಂದರೆ ವಿನಯ, ತಗ್ಗಿ ನಡೆಯುವುದು. ಒಳಗಿನ ಕೆರೆ, ದ್ವೀಪ, ಮಂಟಪ, ನಾಟಕಶಾಲೆ ಎಲ್ಲದರ ಹೆಸರಿನಲ್ಲೂ ಖಿಯೆಮ್ ಇದೆ. ಹನ್ನೆರಡು ಹೆಕ್ಟೇರ್ ವಿನಯ!

ಈ ರಾಜನಿಗೆ 104 ಹೆಂಡತಿಯರು ಅನ್ನುತ್ತಾರೆ. ಮಕ್ಕಳು? ಒಂದೂ ಇಲ್ಲ. ಚಿಕ್ಕಂದಿನಲ್ಲಿ ಸಿಡುಬು ಬಂದದ್ದರಿಂದ ಹಾಗಾಯಿತು ಅಂತ ಹೇಳುತ್ತಾರೆ. ಆಳು ಕುಳ್ಳ, ಐದು ಅಡಿ ಸುಮಾರು. ಸಮಾಧಿಯ ಅಂಗಳದಲ್ಲಿ ಎರಡು ಸಾಲಾಗಿ ನಿಂತ ಕಲ್ಲಿನ ಅಧಿಕಾರಿಗಳ ಗೊಂಬೆಗಳು ಇನ್ನೂ ಕುಳ್ಳ. ರಾಜನಿಗಿಂತ ಯಾರೂ ಎತ್ತರ ಇರಬಾರದು ಅಂತ ಹಾಗೆ ಕೆತ್ತಿದ್ದಂತೆ. ಅಮ್ಮ ಹೋಗಿ ಒಂದರ ಪಕ್ಕ ನಿಂತು ನೋಡಿದರು. ಅಮ್ಮನೇ ಎತ್ತರ.

ಅದರ ಹಿಂದೆಯೇ ಶಾಸನದ ಮಂಟಪ. ಇಪ್ಪತ್ತು ಟನ್ ತೂಕದ ಒಂದೇ ಕಲ್ಲು. ಮೇಲಿಂದ ಕೆಳಗಿನವರೆಗೆ, ಎರಡೂ ಕಡೆ, ಚೀನೀ ಅಕ್ಷರ. ಸುಮಾರು ಐದು ಸಾವಿರ ಅಕ್ಷರ. ಅಲ್ಲಿನ ಪದ್ಧತಿ ಪ್ರಕಾರ ಅಪ್ಪನ ಬಗ್ಗೆ ಮಗ ಬರೆಸಬೇಕು, ಹೊಗಳಿ. ಇವನಿಗೆ ಮಗ ಇಲ್ಲ. ಅದಕ್ಕೇ ತನ್ನ ಶಾಸನ ತಾನೇ ಬರೆದ. ನಾನು ತುಂಬ ಶಾಸನ ನೋಡಿದ್ದೇನೆ, ನಮ್ಮಲ್ಲಿ ಬೀದಿಗೊಂದು ಇದೆ. ಎಲ್ಲದರಲ್ಲೂ ರಾಜ ಸಿಂಹ, ಶತ್ರುಗಳು ಆನೆ. ತು ದುಕ್ ತನ್ನ ಕಾಯಿಲೆ, ತನ್ನ ತಪ್ಪು, ದೇಶದ ಭೂಮಿ ಕಳೆದದ್ದು, ಎಲ್ಲವನ್ನೂ ತಾನೇ ಕಲ್ಲಿಗೆ ಹತ್ತಿಸಿದ್ದಾನೆ. ಹಿಂದಿನ ದಿನ ಇದೇ ಕಲ್ಲಿನ ಮುಂದೆ ನಿಂತು ನಾನು ಸೆಲ್ಫಿ ತೆಗೆದಿದ್ದೆ. ಆ ವ್ಯಾನಿನ ಗೈಡ್ ಇದರ ಬಗ್ಗೆ ಹೇಳಿದ್ದು "ದೊಡ್ಡ ಕಲ್ಲು" ಅಂತ ಅಷ್ಟೇ.

ಆಮೇಲೆ ಅಮ್ಮ ಒಂದು ಪ್ರಶ್ನೆ ಕೇಳಿದರು. "ಮಕ್ಕಳಿಲ್ಲ ಅಂದ್ಯಲ್ಲ, ಹಾಗಾದ್ರೆ ಇವನಿಗೆ ಪಿಂಡ ಇಟ್ಟೋರು ಯಾರು?" ಪಿಂಡಕ್ಕೆ ಇಂಗ್ಲಿಷಿನಲ್ಲಿ ಏನನ್ನುವುದು ಅಂತ ತಡಕಾಡಿ ಹೇಗೋ ಕೇಳಿದೆ. ಅವನಿಗೆ ತಟ್ಟನೆ ಅರ್ಥವಾಯಿತು, ಏಕೆಂದರೆ ಅವರಲ್ಲೂ ಇದೇ ಚಿಂತೆ, ಅವರಲ್ಲೂ ಮನೆಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ತು ದುಕ್ ತನ್ನ ಸೋದರರ ಮಕ್ಕಳಲ್ಲಿ ಮೂವರನ್ನು ದತ್ತು ತಗೊಂಡಿದ್ದ. ಮೂವರೂ ಒಂದಲ್ಲ ಒಂದು ಹೊತ್ತಿಗೆ ಪಟ್ಟಕ್ಕೆ ಬಂದರು. ಮೊದಲನೆಯವನು ಮೂರೇ ದಿನ ರಾಜ. ಇನ್ನೊಬ್ಬ ಕಿಯೆನ್ ಫುಕ್, ಹುಡುಗ ಇರುವಾಗಲೇ ತೀರಿಕೊಂಡ, ಅವನ ಸಮಾಧಿ ಇದೇ ಕಾಂಪೌಂಡಿನಲ್ಲಿ ಇದೆ. ಅಲ್ಲಿಗೆ ಯಾರೂ ಬರುವುದಿಲ್ಲ. ನಾವು ಮೂವರೇ ಇದ್ದೆವು. ದೇವಕಣಗಿಲೆ ಮರದಡಿ ಅಮ್ಮ ಸುಮ್ನೆ ಒಂದು ನಿಮಿಷ ಕೈಮುಗಿದು ನಿಂತರು. "ಪಾಪ, ಮಗು" ಅಂದರು.

ಅಂದ ಹಾಗೆ ತು ದುಕ್ ದೇಹ ನಿಜವಾಗಿ ಅಲ್ಲಿಲ್ಲ, ಬೇರೆಲ್ಲೋ ಗುಟ್ಟಾಗಿ ಹೂತಿದ್ದಾರೆ, ಹೂತ 200 ಜನರ ತಲೆ ತೆಗೆಸಿದರು ಅಂತ ಒಂದು ಕಥೆ ಎಲ್ಲ ಗೈಡ್‌ಗಳೂ ಹೇಳುತ್ತಾರೆ. ಅದು ದಂತಕಥೆ. ಕೇಳಲು ಮಜಾ ಇದೆ, ಅಷ್ಟೇ.

ಈಗ ಖಾಯ್ ದಿನ್. ನಿಮ್ಮ ತಂದೆಯ ಮಂಡಿಗೆ ಇಲ್ಲೇ ಕಷ್ಟ. ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ್ದು, ಒಟ್ಟು 127 ಮೆಟ್ಟಿಲು. ಒಂದೇ ಸಲಕ್ಕಲ್ಲ, ನಡುನಡುವೆ ಅಂಗಳ ಬರುತ್ತದೆ, ಕೂತು ಸುಧಾರಿಸಿಕೊಳ್ಳಬಹುದು. ಆದರೆ ನೆರಳು ಇಲ್ಲ. ಕಪ್ಪು ಸಿಮೆಂಟು ಕಾದು ಹೆಂಚಿನ ಹಾಗೆ ಆಗಿರುತ್ತದೆ. ಅದಕ್ಕೇ ಹೇಳುವುದು, ಇದನ್ನು ಬೆಳಗ್ಗೆ ಮೊಟ್ಟಮೊದಲು ಮುಗಿಸಿ, ಏಳೂವರೆಗೆ ಮೆಟ್ಟಿಲ ಬುಡದಲ್ಲಿರಿ. ಆಮೇಲೆ ತು ದುಕ್, ಅಲ್ಲಿ ಮರಗಳಿವೆ, ಕೆರೆ ದಂಡೆ ಇದೆ, ನಿಧಾನಕ್ಕೆ ನಡೆಯಬಹುದು. ವ್ಯಾನಿನವರು ಮಾಡುವುದು ಇದರ ಉಲ್ಟಾ.

ತಂದೆಯವರಿಗೆ ಹತ್ತಲು ಆದರೆ ಹತ್ತಿಸಿ, ಏಕೆಂದರೆ ಮೇಲಿರುವುದು ಬೇರೆಲ್ಲೂ ಸಿಗದ್ದು. ಹೊರಗಿನಿಂದ ನೋಡಿದರೆ ಕಪ್ಪಗೆ, ಮಳೆನೀರು ಸುರಿದು ಪಾಚಿ ಹಿಡಿದ ಹಳೇ ಚರ್ಚಿನ ಹಾಗಿದೆ. ಒಳಗೆ ಕಾಲಿಟ್ಟರೆ ಕಣ್ಣು ಕುಕ್ಕುತ್ತದೆ. ಗೋಡೆ ಪೂರ್ತಿ ಒಡೆದ ಪಿಂಗಾಣಿ ಮತ್ತು ಬಣ್ಣದ ಗಾಜಿನ ಚೂರು. ಚೂರುಗಳಲ್ಲೇ ಹೂಕುಂಡ, ಹಕ್ಕಿ, ಡ್ರ್ಯಾಗನ್. ಹತ್ತಿರ ಹೋಗಿ ನೋಡಿ, ಅಲಾರಾಂ ಗಡಿಯಾರ, ಸೀಮೆಎಣ್ಣೆ ದೀಪ, ಟೆನಿಸ್ ರಾಕೆಟ್ ಕೂಡ ಇವೆ! ರಾಜನ ಸಮಾಧಿಯ ಗೋಡೆಗೆ ಟೆನಿಸ್ ರಾಕೆಟ್. ನಮ್ಮ ಯಜಮಾನರು ಈ ಇಡೀ ಪ್ರವಾಸದಲ್ಲಿ ಮನಸ್ಸಿಟ್ಟು ನೋಡಿದ್ದು ಅದೊಂದೇ. ಗದ್ದುಗೆ ಮೇಲಿನ ಚಪ್ಪರ ಬಟ್ಟೆಯದ್ದು ಅಂದುಕೊಳ್ಳುತ್ತೀರಿ, ಅಂಚು ಗಾಳಿಗೆ ಅಲುಗಾಡುವ ಹಾಗೆ ಮಡಿಕೆ ಬಿದ್ದಿದೆ. ಅದು ಕಾಂಕ್ರೀಟು. ಅದರ ಕೆಳಗೆ ಖಾಯ್ ದಿನ್‌ನ ಕಂಚಿನ ಪ್ರತಿಮೆ, ಫ್ರಾನ್ಸಿನಲ್ಲಿ ಎರಕ ಹೊಯ್ಸಿ ತಂದದ್ದು. ರಾಜನ ದೇಹ ಇರುವುದು ಆ ಪ್ರತಿಮೆಯ ಕೆಳಗೇ, ನೆಲದಾಳದಲ್ಲಿ.

ಆಳಿದ್ದು 1916ರಿಂದ 1925, ಬರೀ ಒಂಬತ್ತು ವರ್ಷ. ಸಮಾಧಿ ಕಟ್ಟಲು ಹನ್ನೊಂದು ವರ್ಷ, 1920ರಿಂದ 1931. ಮುಗಿಸಿದ್ದು ಮಗ ಬಾವ್ ದಾಯ್. ಸಿಮೆಂಟು, ಕಬ್ಬಿಣ ಫ್ರಾನ್ಸಿನಿಂದ ಬಂತು, ಪಿಂಗಾಣಿ ಚೀನಾ ಜಪಾನಿನಿಂದ. ದುಡ್ಡಿಗೆ ರೈತರ ಕಂದಾಯ 30 ಪರ್ಸೆಂಟ್ ಏರಿಸಿದರು. ಆಗ ಅಧಿಕಾರ ಎಲ್ಲ ಫ್ರೆಂಚರ ಕೈಯಲ್ಲಿ. ಅವರ ರೆಸಿಡೆಂಟ್ ಊರಲ್ಲೇ ಕೂತಿದ್ದ, ನಮ್ಮ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಇದ್ದ ಹಾಗೆ. ಆದರೆ ಮೈಸೂರಿನವರು ಅದೇ ಕಾಲಕ್ಕೆ ಅಣೆಕಟ್ಟು ಕಟ್ಟಿಸಿದರು, ಇವನು ಗೋರಿ ಕಟ್ಟಿಸಿದ ಅಂತ ನಾನು ಸ್ವಲ್ಪ ಜಂಬದಿಂದಲೇ ಅಂದೆ. ಹೋಲಿಕೆ ಪೂರ್ತಿ ನ್ಯಾಯ ಅಲ್ಲ ಅಂತ ಆಮೇಲೆ ಅನ್ನಿಸಿತು, ಬಾಯಿ ತಪ್ಪಿ ಬಂದುಬಿಟ್ಟಿತ್ತು.

ಮಿನ್ ಮಾಂಗ್ ಬಿಡಿ ಅಂತ ಹೇಳಲು ನನಗೇ ಹೊಟ್ಟೆ ಉರಿಯುತ್ತದೆ. ಮೂರರಲ್ಲಿ ಅದೇ ಗಂಭೀರವಾದದ್ದು. ಸುಮಾರು 700 ಮೀಟರ್ ಉದ್ದಕ್ಕೆ ಗೆರೆ ಎಳೆದ ಹಾಗೆ ಒಂದೇ ನೇರ: ಬಾಗಿಲು, ಅಂಗಳ, ಶಾಸನ, ಗುಡಿ, ಸೇತುವೆ, ಅರ್ಧಚಂದ್ರದ ಕೆರೆ, ಕೊನೆಗೆ ಪೈನ್ ಮರ ಬೆಳೆದ ಒಂದು ಗುಂಡಗಿನ ಗುಡ್ಡ. ಅಷ್ಟೇ ಸಮಾಧಿ. ನಡುವಿನ ದೊಡ್ಡ ಬಾಗಿಲು ತೆರೆದದ್ದು ಒಂದೇ ಸಲ, ರಾಜನ ಶವ ಒಳಗೆ ಹೋಗಲು, ಆಮೇಲೆ ಮುಚ್ಚಿದ್ದು ಮುಚ್ಚಿಯೇ ಇದೆ. ನಾವು ನೀವೆಲ್ಲ ಪಕ್ಕದ ಬಾಗಿಲು. ಇವನಿಗೆ 142 ಮಕ್ಕಳು, ಮೊಮ್ಮಗ ತು ದುಕ್‌ಗೆ ಸೊನ್ನೆ. ಸಂಸ್ಕೃತ ಶಾಸನ ಬರೆಸಿ, ಶಿವನ ಗುಡಿ ಕಟ್ಟಿಸಿದ ಚಂಪಾ ರಾಜ್ಯದ ಅಳಿದುಳಿದ ತುಂಡನ್ನು 1832ರಲ್ಲಿ ನುಂಗಿದವನೂ ಇವನೇ. ಡನಾಂಗ್‌ನಿಂದ ಮಿ ಸೋನ್‌ನ ಹಳೇ ಚಂಪಾ ಗುಡಿಗಳನ್ನು ನೋಡಲು ಹೋದರೆ ಇವನನ್ನು ನೆನೆಸಿಕೊಳ್ಳಿ. ಆದರೆ ನಡಿಗೆ ತುಂಬ ಜಾಸ್ತಿ, ಮಂಡಿ ನೋವಿನವರಿಗೆ ಎರಡರ ಮೇಲೆ ಮೂರನೆಯದು ಆಗುವುದಿಲ್ಲ. ಮೆಟ್ಟಿಲು ಬೇಡವೇ ಬೇಡ ಅಂದರೆ ಖಾಯ್ ದಿನ್ ಬದಲು ಇದನ್ನು ಇಟ್ಟುಕೊಳ್ಳಿ. ಇಲ್ಲೂ ಮೆಟ್ಟಿಲು ಇವೆ, ಆದರೆ ಅಷ್ಟಿಲ್ಲ.

ದುಡ್ಡಿನ ವಿಷಯ. ಬಹಳ ಟೂರಿನವರು ಹೇಳುವ ರೇಟಿನಲ್ಲಿ ಪ್ರವೇಶದ ಟಿಕೆಟ್ ಸೇರಿರುವುದಿಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಕೇಳಿಯೇ ಬುಕ್ ಮಾಡಿ. ನಾವು ಹೋದಾಗ ಒಂದೊಂದು ಸಮಾಧಿಗೆ ಒಂದೂವರೆ ಲಕ್ಷ ಡಾಂಗ್ ಇತ್ತು. ಗಾಬರಿ ಬೇಡ, ಅದು ನಮ್ಮ ಐನೂರು ರೂಪಾಯಿ. ಊರೊಳಗಿನ ಅರಮನೆ ಕೋಟೆಯನ್ನೂ ನೋಡುವುದಾದರೆ ಎಲ್ಲ ಸೇರಿಸಿದ ಟಿಕೆಟ್ ಇದೆ, ಅದು ಅಗ್ಗ. ಊದುಬತ್ತಿ ಅಂಗಡಿ ಬೇಡ ಅಥವಾ ಹತ್ತೇ ನಿಮಿಷ ಅಂತ ಗೈಡ್‌ಗೆ ಮೊದಲೇ ಹೇಳಿ. ಕಾರು ಮತ್ತು ಗೈಡ್‌ಗೆ ಕೊಟ್ಟದ್ದು ವ್ಯಾನಿನಲ್ಲಿ ಮೂರು ಸೀಟಿಗೆ ಕೊಟ್ಟದ್ದಕ್ಕಿಂತ ಸ್ವಲ್ಪವೇ ಜಾಸ್ತಿ ಬಿತ್ತು.

ಸ್ಕೂಟರ್ ಬಾಡಿಗೆಗೆ ತಗೊಂಡು ನಾವೇ ಹೋಗುತ್ತೇವೆ ಅಂತ ಯೋಚನೆ ಇದ್ದರೆ ಬಿಡಿ. ನಮ್ಮ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರ ಒಪ್ಪಂದದ್ದು. ಅಂಗಡಿಯವನು ಕೇಳದೆ ಗಾಡಿ ಕೊಡುತ್ತಾನೆ, ಅದು ಬೇರೆ ವಿಷಯ. ಬಿದ್ದರೆ ಇನ್ಶೂರೆನ್ಸ್ ಸಿಗುವುದು ಕಷ್ಟ.

ಮಳೆ ಅಲ್ಲಿ ಸೆಪ್ಟೆಂಬರ್ ಅಕ್ಟೋಬರಿಗೆ ಹಿಡಿದರೆ ಡಿಸೆಂಬರ್ ಆದರೂ ಬಿಡುವುದಿಲ್ಲ. ಮೇ ಆದಮೇಲೆ ಸೆಖೆ ನಲವತ್ತರ ಹತ್ತಿರ. ನೀವು ಹೋಗುವುದು ಮಾರ್ಚ್ ಆದ್ದರಿಂದ ತೊಂದರೆ ಇಲ್ಲ. ಗುಡಿಗಳ ಒಳಗೆ ಹೋಗಲು ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿ.

ಊಟದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ತಂದೆ ಸಸ್ಯಾಹಾರಿ ಆಗಿದ್ದರೆ ಹುಯೆ ಅಂಥವರಿಗೆ ಸ್ವರ್ಗ. ಬೌದ್ಧರ ಊರು, ಅಮಾವಾಸ್ಯೆ ಹುಣ್ಣಿಮೆಗೆ ಊರಲ್ಲಿ ಬಹಳ ಜನ ಮಾಂಸ ಮುಟ್ಟುವುದಿಲ್ಲ. "ಚಾಯ್" ಅಂತ ಬೋರ್ಡ್ ಇರುವ ಕಡೆ ನುಗ್ಗಿ. ಟೀ ಅಂಗಡಿ ಅಲ್ಲ, ಅವರ ಭಾಷೆಯಲ್ಲಿ ಚಾಯ್ ಅಂದರೆ ಸಸ್ಯಾಹಾರ. ಇದು ಗೊತ್ತಿಲ್ಲದೆ ನಮ್ಮ ಯಜಮಾನರು ಎರಡು ಕಡೆ ಒಳಗೆ ಹೋಗಿ ಶುಂಠಿ ಹಾಕಿದ ಟೀ ಕೇಳಿದರು. ಎರಡನೇ ಕಡೆ ಪಾಪ ಆ ಹುಡುಗಿ ಅನ್ನ, ತೋಫು, ಸೊಪ್ಪಿನ ಸಾರು ತಂದಿಟ್ಟಳು. ಸ್ನಾನ ಮುಗಿಸಿ ತಲೆಗೆ ಟವೆಲ್ ಸುತ್ತಿಕೊಂಡು ಬಂದ ಅಮ್ಮ ಅದನ್ನು ಪೂರ್ತಿ ಊಟ ಮಾಡಿದರು.